ನೀರಿನ ಬಾಬ್ತು

ಕಾಲ್ಕಾನ್, 28 ಏಪ್ರಿಲ್ 2012

ಜೆಮಿಲೆ ಅಕ್ಕಾ,

ವಿಲ್ಲಾದ ಈಜುಕೊಳ ಮುಗಿಯಿತು. ಒಟ್ಟು ಎಷ್ಟಕ್ಕೆ ಬಿತ್ತು ಎಂದು ಊರೆಲ್ಲ ಕೇಳುತ್ತಿದೆ. ಊರಿಗೆ ಒಂದು ಲೆಕ್ಕ ಹೇಳಿದ್ದೇನೆ, ನಿನಗೆ ನಿಜವಾದದ್ದು ಕೊಡುತ್ತೇನೆ. ಬಂಡೆ ಒಡೆಯುವ ಯಂತ್ರಕ್ಕೆ ಒಂಬತ್ತು ಸಾವಿರ ಲಿರಾ. ಕಬ್ಬಿಣ, ಕಾಂಕ್ರೀಟು ಹದಿನಾಲ್ಕು. ನೀಲಿ ಟೈಲ್ಸು ಹನ್ನೊಂದು. ಹಸಿರಿನದು ಅಗ್ಗವಿತ್ತು, ಆದರೆ ಹಸಿರು ಕಂಡರೆ ಬಾಡಿಗೆಯವರು ಪಾಚಿ ಎಂದುಕೊಳ್ಳುತ್ತಾರಂತೆ. ಪಂಪು, ಸೋಸುವ ಯಂತ್ರ ಏಳು. ಕೆಲಸದವರ ಊಟಕ್ಕೆ ಎರಡು ಹೋತ. ಗೌಂಡಿಯ ಎಡಗಾಲಿನ ಒಂದು ಉಗುರು, ಅದರ ಆಸ್ಪತ್ರೆ ಖರ್ಚು ಬೇರೆ. ನನ್ನ ಹೆಂಡತಿ ಸೆವಿಮ್ ಒಂದು ವಾರ ನನ್ನೊಡನೆ ಮಾತು ಬಿಟ್ಟಳು. ಅದನ್ನು ಖರ್ಚಿಗೆ ಹಾಕಬೇಕೋ ಉಳಿತಾಯಕ್ಕೋ ಇನ್ನೂ ತೀರ್ಮಾನವಾಗಿಲ್ಲ.

ನೀರಿನ ಬಾಬ್ತು ಸೊನ್ನೆ.

ಅಪ್ಪ ಮೇಕೆ ಮೇಯಿಸುತ್ತಿದ್ದ ಅದೇ ಬಂಡೆ. "ಇಲ್ಲಿ ಮುಳ್ಳು ಬಿಟ್ರೆ ಇನ್ನೇನೂ ಬೆಳೆಯಲ್ಲ" ಎನ್ನುತ್ತಿದ್ದ. ಈಗ ಅಲ್ಲಿ ವಾರಕ್ಕೆ ಸಾವಿರದ ಇನ್ನೂರು ಯೂರೋ ಬೆಳೆಯುತ್ತದೆ. ಸಮುದ್ರ ಕಾಲ ಬುಡದಲ್ಲೇ ಇದೆ, ಆದರೂ ಕೊಳವಿಲ್ಲದ ಮನೆಗೆ ಆ ಜನ ಕಾಲಿಡುವುದಿಲ್ಲ. ಉಪ್ಪು ಕಣ್ಣಿಗೆ ಉರಿಯುತ್ತದಂತೆ.

"ಫೋನಿನಲ್ಲಿ ಮಾತಾಡಿ ಮಾತಾಡಿ ನೀನೇ ಗೆಲ್ತೀಯ, ಏನಿದ್ರೂ ಬರೆದು ಕಳಿಸು" ಎಂದು ಕಳೆದ ವರ್ಷ ಅಂದೆಯಲ್ಲ, ಅದಕ್ಕೇ ಬರೆದಿದ್ದೇನೆ. ಮಿನಿಬಸ್ಸಿನ ಕಾದಿರ್ ಕೈಯಲ್ಲಿ ಕಾಫಿಪುಡಿ, ಅವ್ವನ ಮಂಡಿನೋವಿನ ಮುಲಾಮು ಇದೆ. ಮುಂದಿನ ತಿಂಗಳು ಅವ್ವನನ್ನು ಎಂದಿನಂತೆ ಬೇಸಿಗೆಗೆ ಬೆಟ್ಟದ ಮೇಲೆ ನಿನ್ನಲ್ಲಿಗೆ ಹತ್ತಿಸುತ್ತೇನೆ.

ನಿನ್ನ ಕೈಗಳಿಗೆ ಮುತ್ತಿಡುವ ತಮ್ಮ,
ಯಾಕುಪ್

~

ಚಾಮ್‌ಬೆಲ್, 19 ಮೇ

ಯಾಕುಪ್, ನನ್ನ ತಮ್ಮಾ,

ಅವ್ವ ಬಂದು ತಲುಪಿದಳು. ಮುಲಾಮು ಸಿಕ್ಕಿತು. ಕಾಫಿಪುಡಿಯಲ್ಲಿ ಅರ್ಧ ಕಾದಿರ್ ಕುಡಿದಿದ್ದಾನೆ, ಪೊಟ್ಟಣ ನೋಡಿದರೇ ಗೊತ್ತಾಗುತ್ತದೆ.

ಬರುವಾಗ ಅವನು ಎಂದಿನಂತೆ ರಸ್ತೆ ಬದಿಯ ಅಪ್ಪನ ನೀರಿನ ಚಿಲುಮೆಯ ಹತ್ತಿರ ಬಸ್ಸು ನಿಲ್ಲಿಸಿದನಂತೆ. ಅವ್ವ ಇಳಿದು ಮುಖ ತೊಳೆಯಲು ಕೈಯೊಡ್ಡಿದರೆ ಕೊಳವೆಯಲ್ಲಿ ಒಂದು ಹನಿಯೂ ಇಲ್ಲ. ಕಲ್ಲುಬಾನಿಯ ತಳದಲ್ಲಿ ಪಾಚಿ ಒಣಗಿ ಹೊಟ್ಟಿನಂತಾಗಿತ್ತಂತೆ. ಕೈ ಒಡ್ಡಿಕೊಂಡು ಹಾಗೇ ನಿಂತಿದ್ದಳಂತೆ. "ಅಜ್ಜೀ, ಹೊತ್ತಾಯ್ತು, ಹತ್ತಿ" ಎಂದು ಕಾದಿರ್ ಕೂಗಿದ ಮೇಲೇ ಹತ್ತಿದಳಂತೆ.

ಅಪ್ಪ ಸತ್ತ ವರ್ಷ ಅವನ ಹೆಸರಿನಲ್ಲಿ ನಾನು ಕಟ್ಟಿಸಿದಂದಿನಿಂದ ಅದು ಬತ್ತಿದ್ದಿಲ್ಲ. ಆ ದೊಡ್ಡ ಬರದ ವರ್ಷವೂ ಹರಿದಿತ್ತು. ನೀರು ಹರಿಯುವಷ್ಟು ಕಾಲ ಸತ್ತವನ ಪುಣ್ಯದ ಬಾಗಿಲು ತೆರೆದಿರುತ್ತದೆ, ಯಾರೇ ಕುಡಿಯಲಿ, ನಾಯಿಯೇ ಕುಡಿಯಲಿ, ಅದು ಅವನಿಗೆ ಸಲ್ಲುತ್ತದೆ ಎಂದು ಇಮಾಮರು ಅಂದು ಹೇಳಿದ್ದರು. ಹಾಗಾದರೆ ಈಗ ಆ ಬಾಗಿಲು ಮುಚ್ಚಿದೆ.

ನಿನ್ನೆ ರೊಟ್ಟಿ ಲಟ್ಟಿಸುತ್ತಾ ಅವ್ವ ಹೇಳಿದಳು: "ನಿಮ್ಮಪ್ಪ ಕನಸಿಗೆ ಬಂದಿದ್ದ. ಆ ತಗಡಿನ ಲೋಟ ಹಿಡ್ಕೊಂಡಿದ್ದ. ಏನೂ ಕೇಳ್ಲಿಲ್ಲ. ಲೋಟ ಬೋರಲು ಮಾಡಿ ತೋರಿಸ್ದ, ಅಷ್ಟೆ."

ಚಿಲುಮೆ ನಿನ್ನ ವಿಲ್ಲಾದಿಂದ ಕೂಗಳತೆಯಲ್ಲಿದೆ. ಹೋಗಿ ನೋಡು. ಏನಾಗಿದೆ ಬರೆ.

ನಿನ್ನ ಕಣ್ಣುಗಳಿಗೆ ಮುತ್ತು.
ನಿನ್ನ ಅಕ್ಕ, ಜೆಮಿಲೆ

~

ಕಾಲ್ಕಾನ್, 2 ಜೂನ್

ಜೆಮಿಲೆ ಅಕ್ಕಾ,

ಹೋಗಿ ನೋಡಿದೆ. ನೀರಿಲ್ಲ, ನಿಜ. ಈ ವರ್ಷ ಬೆಟ್ಟದ ಮೇಲೆ ಹಿಮ ಎಷ್ಟು ಬಿತ್ತು, ನೀನೇ ಹೇಳು. ಮೇಲಿನಿಂದ ಹೊಸ ರಸ್ತೆಗೆ ಬಂಡೆ ಸಿಡಿಸಿದ್ದಾರೆ. ನಮ್ಮ ಸುಣ್ಣಕಲ್ಲಿನ ಬೆಟ್ಟದ ಹೊಟ್ಟೆಯೊಳಗೆ ನೀರು ಯಾವ ಬಿರುಕಿನಿಂದ ಯಾವ ಬಿರುಕಿಗೆ ಹೋಗುತ್ತದೋ ಅದನ್ನು ಮಾಡಿದವನಿಗೇ ಗೊತ್ತು. ಇಂಥದ್ದಕ್ಕೆಲ್ಲ ಅರ್ಥ ಹುಡುಕಬಾರದು.

ಅದಲ್ಲದೆ, ಅಲ್ಲಿ ಈಗ ಕುಡಿಯುವವರಾದರೂ ಯಾರು? ಎಲ್ಲರ ಕೈಯಲ್ಲೂ ಬಾಟಲಿ ಇದೆ. ಮೇಕೆ ಕಾಯುವ ಇಸ್ಮೆತ್ ಒಬ್ಬ, ಬೆನ್ನ ಮೇಲೆ ಗುಡಾರ ಹೊತ್ತು ನಡೆದುಹೋಗುವ ನಾಲ್ಕು ಜನ ಪರದೇಶಿಗಳು.

ಅವ್ವನಿಗೆ ರಾತ್ರಿ ಹೊತ್ತು ಕರಿದ ಬದನೆಕಾಯಿ ಕೊಡಬೇಡ. ಕನಸು ಅದರಿಂದ ಬರುವುದು.

ನಿನ್ನ ಕೈಗಳಿಗೆ ಮುತ್ತಿಡುವ,
ಯಾಕುಪ್

~

ಅದೇ ದಿನ, ಪಂಪಿನ ಕೋಣೆಯಲ್ಲಿ ವಿಲ್ಲಾದ ಕೆಲಸದವನಿಗೆ ಬಿಟ್ಟ ಚೀಟಿ

ಹಲೀಲ್,

ಚಿಲುಮೆಗೆ ನೀರು ಬರುವ ಊಟೆಯಿಂದ ಕೊಳಕ್ಕೆ ನೀನು ಎಳೆದ ಪೈಪಿನ ಮೇಲಿನ ಮಣ್ಣು ಕುಸಿದುಹೋಗಿದೆ, ರಸ್ತೆಯಿಂದಲೇ ಕಪ್ಪಗೆ ಕಾಣುತ್ತದೆ. ಕಲ್ಲು ಮುಚ್ಚಿ ಮೇಲೆ ಮುಳ್ಳು ಹಾಕು. ಕಾದಿರ್‌ನದು ಹದ್ದಿನ ಕಣ್ಣು, ಬಾಯಿ ಅದಕ್ಕಿಂತ ದೊಡ್ಡದು.

"ಯಜಮಾನ್ರೇ, ಚಿಲುಮೆಗೂ ಸ್ವಲ್ಪ ಬಿಡೋಣ" ಎಂದಿದ್ದೆ ನೀನು. ಇರುವುದೇ ಹೆಬ್ಬೆರಳು ಗಾತ್ರದ ಧಾರೆ. ಹಂಚಿದರೆ ಎರಡು ಕಡೆಗೂ ಇಲ್ಲ. ಟ್ಯಾಂಕರಿನವನು ಒಂದು ಸಲಕ್ಕೆ ಕೇಳುವ ದುಡ್ಡಿನಲ್ಲಿ ನಿನಗೆ ಎರಡು ದಿನದ ಸಂಬಳ ಕೊಡಬಹುದು. ಶನಿವಾರ ಬಾಡಿಗೆಯವರು ಬರುತ್ತಾರೆ, ಕೊಳ ತುಂಬಿರಬೇಕು. ಸೆಪ್ಟೆಂಬರ್ ಕೊನೆಗೆ ಚಿಲುಮೆಗೆ ತಿರುಗಿಸೋಣ. ಸತ್ತವರಿಗೆ ಅವಸರವಿಲ್ಲ.

ಯಾಕುಪ್

~

ಚಾಮ್‌ಬೆಲ್, 24 ಜೂನ್

ಯಾಕುಪ್, ನನ್ನ ತಮ್ಮಾ,

ಹಿಮ ಕಡಿಮೆ ಅಂತ ಬರೆದಿದ್ದೀ. ನಮ್ಮಲ್ಲಿ ಮಾರ್ಚಿಯವರೆಗೆ ಕೊಟ್ಟಿಗೆಯ ಬಾಗಿಲು ತೆಗೆಯಲಾಗಲಿಲ್ಲ. ಇರಲಿ, ನೀನು ನನ್ನ ಸಮಾಧಾನಕ್ಕೆ ಹಾಗೆ ಬರೆದೆ ಎಂದು ಗೊತ್ತು.

ಅಪ್ಪ ಇನ್ನೂ ಎರಡು ಸಲ ಬಂದನಂತೆ. ಅವ್ವ ಈಗ ಹಗಲು ನೀರು ಕುಡಿಯುವಾಗ ಲೋಟವನ್ನು ನನಗೆ ಕಾಣದಂತೆ ಹಿಡಿಯುತ್ತಾಳೆ, ಕದ್ದವಳ ಹಾಗೆ.

ಕಾರಣ ನನಗೆ ತಿಳಿದಿದೆ. ಬರೆದುಬಿಡುತ್ತೇನೆ.

ಚಿಲುಮೆ ಕಟ್ಟಿಸಲು ನನ್ನ ಮದುವೆಯ ಬಳೆ ಮಾರಿದೆ ಎಂದು ಎಲ್ಲರಿಗೂ ಗೊತ್ತು. ಐದು ಬಳೆ ಮಾರಿದೆ. ನಾಲ್ಕು ನನ್ನವು. ಐದನೆಯದು ಅತ್ತೆಯದು. ಮದುವೆಯ ದಿನ ಕೈ ಬೋಳಾಗಿ ಕಾಣಬಾರದೆಂದು ಹಾಕಿದ್ದರು, ಆಮೇಲೆ ಹಿಂದಿರುಗಿಸಬೇಕಿತ್ತು. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ. ಅವರು ತೀರಿಕೊಂಡ ಮೇಲೆ ಅದು ನಾದಿನಿ ನಜೀಫೆಗೆ ಸೇರಬೇಕಾದದ್ದು. "ಅಮ್ಮನ ಬಳೆ ಎಲ್ಲಿ ಅತ್ತಿಗೇ?" ಎಂದು ಅವಳು ಕೇಳಿದಾಗ ಬಾವಿಗೆ ಬಿತ್ತು ಎಂದೆ. ಅವಳು ನಂಬಲಿಲ್ಲ. ನನ್ನ ಗಂಡನ ಮಣ್ಣಿಗೆ ಬಂದಾಗ ಎಲ್ಲರೆದುರು "ಇವಳ ಕೈಯಿಂದ ನೀರೂ ಮುಟ್ಟಲ್ಲ" ಎಂದು ಬುರ್ದುರಿಗೆ ಹೊರಟುಹೋದಳು. ಅದು ನಿನಗೂ ನೆನಪಿರಬೇಕು. ಯಾಕೆ ಎಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಇನ್ನೊಬ್ಬರ ಹಕ್ಕಿನ ಚಿನ್ನದಿಂದ ಬಂದ ನೀರು, ಯಾಕುಪ್. ಇಷ್ಟು ದಿನ ಹರಿದದ್ದೇ ದೊಡ್ಡದು. ನನ್ನ ದೆಸೆಯಿಂದ ಅಪ್ಪ ಅಲ್ಲಿ ಬಾಯಾರಿ ಕೂತಿದ್ದಾನೆ.

ಕಿನಾಲಿಯನ್ನು ಮಾರಲು ಗಿರಾಕಿ ನೋಡಿದ್ದೇನೆ. ಎರಡನೆಯ ಕರು ಹಾಕಿದ ಹಸು, ಒಳ್ಳೆ ಬೆಲೆ ಬರುತ್ತದೆ. ಅಷ್ಟೇ ತೂಕದ ಬಳೆ ಕೊಂಡು ನಜೀಫೆಗೆ ಕೊಡುತ್ತೇನೆ.

ನಿನ್ನ ಕಣ್ಣುಗಳಿಗೆ ಮುತ್ತು.
ಜೆಮಿಲೆ

~

ಕಾಲ್ಕಾನ್, 5 ಜುಲೈ

ಅಕ್ಕಾ,

ಕಿನಾಲಿಯನ್ನು ಮಾರಬೇಡ. ಆ ಹಾಲು, ಬೆಣ್ಣೆಯಲ್ಲೇ ನಿನ್ನ ವರ್ಷ ಕಳೆಯುವುದು. ಬಳೆಗೂ ನೀರಿಗೂ ಸಂಬಂಧವಿಲ್ಲ. ಹೇಗೆ ಗೊತ್ತು ಎಂದು ಕೇಳಬೇಡ. ನನಗೆ ಗೊತ್ತು.

ಬಳೆ ಕೊಡಲೇಬೇಕೆಂಬ ಹಟವಿದ್ದರೆ ದುಡ್ಡು ನಾನು ಕೊಡುತ್ತೇನೆ. ಸಾಲವೆಂದು ಬೇಡ, ಸುಮ್ಮನೆ ತೆಗೆದುಕೋ. ಕಾದಿರ್ ಕೈಯಲ್ಲಿ ಲಕೋಟೆ ಇದೆ, ಅವನಿಗೆ ಸಕ್ಕರೆ ಎಂದು ಹೇಳಿದ್ದೇನೆ.

ಇಲ್ಲಿ ಮನೆ ತುಂಬಿದೆ. ಈ ವಾರ ಇಂಗ್ಲಿಷಿನವರ ಸಂಸಾರ. ಅವರಿಗೆ ಎಂಟು ವರ್ಷದ ಒಂದು ಹುಡುಗಿ, ಬೆಳಗಿನಿಂದ ಸಂಜೆಯವರೆಗೆ ಕೊಳದಿಂದ ಏಳುವುದಿಲ್ಲ, ಬೆರಳೆಲ್ಲ ಒಣದ್ರಾಕ್ಷಿಯಾಗಿವೆ. "ಇಷ್ಟು ತಣ್ಣಗಿನ ನೀರು ಎಲ್ಲಿಂದ ಬರುತ್ತೆ?" ಎಂದು ನನ್ನ ಮಗಳನ್ನು ಕೇಳಿತಂತೆ. ನಮ್ಮ ಪೆಲಿನ್ ಏನೂ ಯೋಚಿಸದೆ "ನಮ್ಮ ಅಜ್ಜನದು" ಅಂದಳಂತೆ. ಆ ಮಗು ಕೊಳದ ಅಂಚಿಗೆ ಬಂದು ನನಗೆ ಏನೋ ಹೇಳಿತು. ಪೆಲಿನ್ ತಿಳಿಸಿದಳು: "ಅಪ್ಪಾ, ಅಜ್ಜನಿಗೆ ಥ್ಯಾಂಕ್ಸ್ ಹೇಳ್ಬೇಕಂತೆ."

ಸೆಖೆ ಹೆಚ್ಚಾಗಿದೆ. ಹೆಚ್ಚು ಬರೆಯಲಾರೆ.

ಯಾಕುಪ್

~

ಚಾಮ್‌ಬೆಲ್, 22 ಜುಲೈ

ಯಾಕುಪ್, ನನ್ನ ತಮ್ಮಾ,

ನಿನ್ನ ಸಕ್ಕರೆ ಹಿಂದಕ್ಕೆ ಕಳಿಸಿದ್ದೇನೆ, ಎಣಿಸಿಕೋ. ನನ್ನ ತಪ್ಪನ್ನು ನಿನ್ನ ದುಡ್ಡಿನಲ್ಲಿ ತೊಳೆದರೆ ಸ್ವಚ್ಛವಾಗುವುದು ನಿನ್ನ ಕೈ, ನನ್ನದಲ್ಲ. ಆದರೂ ನೀನು ಕೊಡಲು ಬಂದದ್ದನ್ನು ಅವ್ವನಿಗೆ ಹೇಳಿದೆ. "ನನ್ನ ಮಗ ಬಂಡೆ ಥರ ಕಾಣ್ತಾನೆ, ಒಳಗೆ ನೀರು" ಎಂದಳು.

ಕಿನಾಲಿ ಹೋದಳು. ಲಾರಿ ಹತ್ತಲು ಒಪ್ಪದೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೇ ಮುಂದೆ ನಡೆದು ಹತ್ತಿಸಬೇಕಾಯಿತು. ಅವಳು ನನ್ನ ಹಿಂದೆಯೇ ಬಂದಳು, ಮೋಸವೆಂದು ತಿಳಿಯದೆ.

ರಂಜಾನ್ ಉಪವಾಸ ಶುರುವಾಗಿದೆ. ಮನಸ್ಸಿನಲ್ಲಿ ಮುನಿಸಿಟ್ಟುಕೊಂಡು ಮಾಡುವ ಉಪವಾಸ ಬರೀ ಹಸಿವು ಎನ್ನುತ್ತಾಳೆ ಅವ್ವ. ಶುಕ್ರವಾರ ಬುರ್ದುರಿಗೆ ಹೋಗುತ್ತೇನೆ. ನಜೀಫೆ ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಬಳೆ ಇಟ್ಟು ಬರುತ್ತೇನೆ. ನನಗಾಗಿ ದೇವರಲ್ಲಿ ಕೇಳಿಕೋ.

ನಿನ್ನ ಕಣ್ಣುಗಳಿಗೆ ಮುತ್ತು.
ಜೆಮಿಲೆ

~

ವಿಲ್ಲಾದ ಬಾಡಿಗೆಯವರಿಗೆ, ಬಾಗಿಲ ಕೆಳಗೆ ತೂರಿಸಿದ್ದು. 27 ಜುಲೈ
(ಇಂಗ್ಲಿಷಿಗೆ ಮಾಡಿದವಳು ಪೆಲಿನ್)

ಮಾನ್ಯರೇ,

ಇವತ್ತು ಮಧ್ಯಾಹ್ನದಿಂದ ಕೊಳಕ್ಕೆ ಹೊಸ ನೀರು ಬರುವುದಿಲ್ಲ. ನಾಲ್ಕೈದು ದಿನದಲ್ಲಿ ನೀರಿನ ಮಟ್ಟ ಇಳಿಯುತ್ತದೆ, ಆಮೇಲೆ ಬಣ್ಣ ತಿರುಗುತ್ತದೆ. ಯಂತ್ರ ಕೆಟ್ಟಿಲ್ಲ. ಆ ನೀರು ನನ್ನ ತಂದೆಯದು, ಅವರಿಗೆ ಬೇಕಾಗಿದೆ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಇದನ್ನು ವಿವರಿಸುವುದು ಕಷ್ಟ, ನನ್ನ ಮಗಳೂ ಕಷ್ಟ ಎನ್ನುತ್ತಿದ್ದಾಳೆ. ಉಳಿದ ದಿನಗಳ ಬಾಡಿಗೆ ಹಿಂದಿರುಗಿಸುತ್ತೇನೆ. ಹಾಗೇ ಇರುವುದಾದರೆ ಇರಿ. ಸಮುದ್ರ ಕೆಳಗಿದೆ, ಅದಕ್ಕೆ ಬಾಡಿಗೆಯಿಲ್ಲ.

ಮಾಲೀಕ, ಯಾಕುಪ್

~

ಚಾಮ್‌ಬೆಲ್, 12 ಆಗಸ್ಟ್

ಯಾಕುಪ್, ನನ್ನ ಬಂಗಾರದ ತಮ್ಮಾ,

ನಜೀಫೆ ಬಾಗಿಲು ತೆಗೆದಳು. ಮೊದಲು ನನ್ನ ಮುಖ ನೋಡಿದಳು, ಆಮೇಲೆ ಕೈ. "ಯಾರು ಸತ್ರು?" ಎಂದಳು. "ಯಾರೂ ಇಲ್ಲ" ಎಂದೆ. "ಮತ್ಯಾಕೆ ಬಂದೆ?" ಬಳೆ ತೆಗೆದು ಕೊಟ್ಟೆ. ಬಾವಿಗೆ ಬಿದ್ದಿರಲಿಲ್ಲ, ಮಾರಿದ್ದೆ, ಇದು ಅದೇ ಬಳೆಯಲ್ಲ, ಅದೇ ತೂಕದ್ದು ಎಂದೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಅಮ್ಮನದು ಇದಕ್ಕಿಂತ ಚೆನ್ನಾಗಿತ್ತು" ಎಂದಳು. ಬೈಯುತ್ತಾಳೆಂದು ಕಾದೆ. "ಉಪವಾಸ ಇದೀಯಾ? ಒಳಗೆ ಬಾ, ಸಂಜೆಯಾಯ್ತು" ಎಂದಳು.

ಮಸೀದಿಯ ಕೂಗು ಬಂದಾಗ ನಾನು ಲೋಟಕ್ಕೆ ನೀರು ಹಾಕಿ ಹಿಡಿದೆ. ಅವಳು ನನ್ನ ಕೈಯಿಂದಲೇ ಇಸಿದುಕೊಂಡು ಉಪವಾಸ ಬಿಟ್ಟಳು. ಆಮೇಲೆ ಇಬ್ಬರೂ ಸಾರು ಕುಡಿದೆವು.

ಈಗ ಕೇಳು. ನಾನು ಊರಿಗೆ ಬಂದಾಗ ಕಾದಿರ್ ಬಸ್ಸಿನ ಹಾರ್ನ್ ಒತ್ತಿಕೊಂಡೇ ಬಂದ. "ಅಕ್ಕಾ, ನಿಮ್ಮಪ್ಪನ ಚಿಲುಮೇಲಿ ನೀರು ಬರ್ತಿದೆ" ಎಂದ. ಯಾವಾಗಿನಿಂದ ಎಂದು ಕೇಳಿದೆ. ಶುಕ್ರವಾರ ಮಧ್ಯಾಹ್ನದಿಂದಂತೆ. ನಾನು ಬುರ್ದುರಿನ ಬಸ್ಸಿನಲ್ಲಿ ಕೂತಿದ್ದ ಹೊತ್ತು, ಯಾಕುಪ್. ಬಳೆ ಇನ್ನೂ ನನ್ನ ಕೈಚೀಲದಲ್ಲಿತ್ತು, ಆಗಲೇ ಸ್ವೀಕಾರವಾಯಿತು.

ಅವ್ವನ ಕನಸಿಗೂ ಅಪ್ಪ ಬಂದಿದ್ದನಂತೆ. ಈ ಸಲ ಏನೂ ತೋರಿಸಲಿಲ್ಲವಂತೆ, ಕೂತು ಚಪ್ಪಲಿಯ ಬಾರು ಬಿಗಿಯುತ್ತಿದ್ದನಂತೆ.

ಹೆಂಗಸರೆಲ್ಲ ಕೂಡಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ. ಜೆಮಿಲೆಯ ಚಿನ್ನ ಶುದ್ಧವಿರಲಿಲ್ಲ, ಅದಕ್ಕೇ ನೀರು ನಿಂತಿತ್ತು ಎಂದು. ಕೆಲವರು ಎದ್ದು ದೂರ ಕೂತರು. ಕೂರಲಿ.

ಒಂದು ಕೆಲಸ ಉಳಿದಿದೆ, ಅದನ್ನು ನೀನು ಮಾಡಿಸಬೇಕು. ಚಿಲುಮೆಯ ಮೇಲಿನ ಹೆಸರುಕಲ್ಲಿನ ಮೂರನೆಯ ಸಾಲು, "ಮಗಳು ಜೆಮಿಲೆ ಕಟ್ಟಿಸಿದ್ದು" ಎಂಬುದನ್ನು ಕೆತ್ತಿ ತೆಗೆಸು. ಅಪ್ಪನ ಹೆಸರು ಸಾಕು. ಕದ್ದವಳ ಹೆಸರು ಆ ನೀರಿನ ಮೇಲೆ ಬೇಡ.

ನಿನ್ನ ಎರಡೂ ಕಣ್ಣಿಗೆ ಮುತ್ತು.
ಜೆಮಿಲೆ

~

ಕಾಲ್ಕಾನ್, 24 ಆಗಸ್ಟ್

ಅಕ್ಕಾ,

ಹಬ್ಬ ಕಳೆದ ಮೇಲೆ ಕಲ್ಲಿನ ಕೆಲಸದ ಸಾಲಿಹ್ ಮೇಸ್ತ್ರಿಯನ್ನು ಕರೆದುಕೊಂಡು ಚಿಲುಮೆಗೆ ಹೋದೆ. ಅವನು ನಿನ್ನ ಹೆಸರಿನ ಮೇಲೆ ಕೈಯಾಡಿಸಿ ನೋಡಿದ.

"ಇದನ್ನ ಕೆತ್ತಿದ್ದು ನಮ್ಮಪ್ಪ. ಅಳ್ಸೋಕೆ ಕೈ ಬರ್ತಿಲ್ಲ. ನಿಮ್ಮಕ್ಕ ಅಂಥಾದ್ದೇನ್ ಮಾಡಿದ್ಲು?" ಎಂದ.

ಉಳಿಯನ್ನು ಮೊದಲ ಅಕ್ಷರಕ್ಕೆ ಇಟ್ಟಿದ್ದ. ಸುತ್ತಿಗೆ ಎತ್ತಿದ. ನಾನು "ಮೇಸ್ತ್ರೀ, ಹೋಗಿ ಊಟ ಮಾಡ್ಕೊಂಡು ಬನ್ನಿ" ಎಂದೆ. "ಬೆಳಿಗ್ಗೆ ಹತ್ತು ಗಂಟೆಗೆ ಯಾವ ಊಟ?" ಎಂದ. ಕೂಲಿ ಕೊಟ್ಟು ಕಳಿಸಿದೆ.

ಅಕ್ಕಾ, ನೀರು ನಿಲ್ಲಿಸಿದವನು ನಾನು. ಏಪ್ರಿಲ್‌ನಲ್ಲಿ ಊಟೆಯ ಬಾಯಿಗೆ ಪೈಪು ಹಾಕಿ ಕೊಳಕ್ಕೆ ಎಳೆದೆ. ಹಿಮವಲ್ಲ, ರಸ್ತೆಯಲ್ಲ, ನಿನ್ನ ಬಳೆಯಂತೂ ಅಲ್ಲ. ನಿನಗೆ ಲೆಕ್ಕ ಬರೆದಾಗ ನೀರಿನ ಬಾಬ್ತು ಸೊನ್ನೆ ಎಂದು ಬರೆದೆನಲ್ಲ, ಅದನ್ನು ಬರೆದು ಮೀಸೆ ತಿರುವಿದ್ದೆ.

ಅಪ್ಪ ಸತ್ತ ವರ್ಷ ನಾನು ಅಂತಾಲ್ಯದಲ್ಲಿ ಸಿಮೆಂಟು ಹೊರುತ್ತಿದ್ದೆ. ಚಿಲುಮೆಗೆ ಒಂದು ಕಾಸೂ ಕಳಿಸಲಿಲ್ಲ. ಆ ಕಲ್ಲಿನ ಮುಂದೆ ಹಾದುಹೋಗುವಾಗಲೆಲ್ಲ ನಿನ್ನ ಹೆಸರು ಓದುತ್ತಿದ್ದೆ, ನನ್ನದಿಲ್ಲ ಎಂಬುದನ್ನೂ ಓದುತ್ತಿದ್ದೆ. ಪೈಪು ಹಾಕಿದ್ದು ದುಡ್ಡು ಉಳಿಸಲು, ಅದು ನಿಜ. ಆದರೆ ಹಾಕುವಾಗ ಎರಡು ಸಲ ಯೋಚಿಸಲಿಲ್ಲವಲ್ಲ, ಅದಕ್ಕೆ ಕಾರಣ ದುಡ್ಡಲ್ಲ.

ನೀನು ಬುರ್ದುರಿಗೆ ಹೊರಟ ಶುಕ್ರವಾರ ನಾನೂ ಉಪವಾಸವಿದ್ದೆ. ಮಧ್ಯಾಹ್ನ ಕೊಳದ ಅಂಚಿನಲ್ಲಿ ನಿಂತಿದ್ದೆ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಮುಂದೆ ಅಷ್ಟು ನೀರು; ಬಾಡಿಗೆಯವರು ಅದರ ಮೇಲೆ ಗಾಳಿ ತುಂಬಿದ ಹಂಸದ ಬೆನ್ನೇರಿ ಮಲಗಿದ್ದರು. ಬಾಯಾರಿದವನಿಗೆ ನೀರು ಕಾಣಿಸಿಯೂ ಕೊಡದಿದ್ದರೆ ಹೇಗಿರುತ್ತದೆ ಎಂದು ಆಗ ತಿಳಿಯಿತು. ಹಲೀಲ್‌ನನ್ನು ಕರೆದು ಪೈಪು ಕಡಿಸಿದೆ. ದೇವರು ಅಲ್ಲ ಅಕ್ಕಾ, ಹಲೀಲ್‌ನ ಗರಗಸ.

ಸುಮ್ಮನಿದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ನಿನಗೆ ನಿನ್ನ ನಾದಿನಿ, ಅವ್ವನಿಗೆ ನಿದ್ದೆ, ನನಗೆ ಬಂಗಾರದ ತಮ್ಮನೆಂಬ ಹೆಸರು. ಹನ್ನೆರಡು ದಿನ ಹಾಗೇ ಸುಮ್ಮನಿದ್ದೆ ಕೂಡ. ಆದರೆ ನನ್ನ ಪೈಪಿನ ಸಲುವಾಗಿ ಊರ ಹೆಂಗಸರು ನಿನ್ನಿಂದ ದೂರ ಸರಿದು ಕೂತಿದ್ದಾರೆ. ಅದರ ಮೇಲೆ ನಿನ್ನ ಹೆಸರನ್ನೂ ನಾನೇ ನಿಂತು ಕೆತ್ತಿಸಿ ತೆಗೆಸಬೇಕು ಎಂದರೆ ನನ್ನಂಥವನ ಹೊಟ್ಟೆಗೂ ಅದು ಜೀರ್ಣವಾಗಲಿಲ್ಲ.

ಕಿನಾಲಿಯನ್ನು ಕೊಂಡವನನ್ನು ಹುಡುಕಿ ಹೋಗಿದ್ದೆ. ಅವನು ಕೊಡಲಿಲ್ಲ.

ನಿನ್ನ ಹಕ್ಕನ್ನು ನನಗೆ ಬಿಟ್ಟುಕೊಡು ಅಕ್ಕಾ. ಋಣ ಬಿಟ್ಟೆ, ಹಲಾಲ್ ಎಂದು ಒಂದು ಮಾತು ಬರೆ. ಮನುಷ್ಯರ ಋಣವನ್ನು ಮನುಷ್ಯರೇ ಬಿಡಬೇಕು, ದೇವರು ಕೂಡ ಅದರಲ್ಲಿ ಕೈ ಹಾಕುವುದಿಲ್ಲ.

ಕೈಗೆ ಮುತ್ತಿಡುತ್ತೇನೆ ಎಂದು ಬರೆಯಲು ಧೈರ್ಯವಿಲ್ಲ.
ಯಾಕುಪ್

~

ಚಾಮ್‌ಬೆಲ್, 20 ಸೆಪ್ಟೆಂಬರ್

ಯಾಕುಪ್,

ನಿನ್ನ ಕಾಗದ ಬಂದಾಗ ನಜೀಫೆ ನಮ್ಮ ಮನೆಯಲ್ಲಿದ್ದಳು, ವಾಲ್‌ನಟ್ ಸುಲಿಯಲು ಬಂದಿದ್ದಳು. ನನ್ನ ಕೈಗೆ ಸಿಪ್ಪೆಯ ಕಪ್ಪು ಹತ್ತಿತ್ತು, "ನೀನೇ ಓದು" ಎಂದೆ. ಅವಳು ಗಟ್ಟಿಯಾಗಿ ಓದಿದಳು. ಅವ್ವನೂ ಅಲ್ಲೇ ಇದ್ದಳು. ಮಧ್ಯದಲ್ಲಿ ನಿಲ್ಲಿಸಿದರೆ ಅವ್ವ "ಓದು" ಎಂದಳು.

ಓದಿ ಮುಗಿದ ಮೇಲೆ ನಜೀಫೆ ಬಳೆ ತೆಗೆದು ಸಿಪ್ಪೆಯ ರಾಶಿಯ ಮೇಲಿಟ್ಟಳು. "ಹಾಗಾದ್ರೆ ನಿನ್ನ ತಪ್ಪಲ್ಲ, ಹಸು ಹೋಯ್ತು, ಇದನ್ನಾದ್ರೂ ಇಟ್ಕೋ ಅತ್ತಿಗೇ" ಎಂದಳು. ನಾನು ಅದನ್ನು ಮತ್ತೆ ಅವಳ ಕೈಗೆ ಏರಿಸಿದೆ. ನಿನ್ನ ಪೈಪು ನಿನ್ನದು, ನನ್ನ ಬಳೆ ನನ್ನದು. ಒಂದರಿಂದ ಇನ್ನೊಂದು ತೊಳೆದುಹೋಗುವುದಿಲ್ಲ.

ನಾನು ಒಂದು ತಿಂಗಳು ಬರೆಯದೆ ಇದ್ದದ್ದು ಸಿಟ್ಟಿನಿಂದಲೇ. ಇನ್ನೂ ಇದೆ. ನಾನು ಬಳೆಯ ವಿಷಯ ಬರೆದ ದಿನವೇ ನೀನು ಒಂದು ಸಾಲು ಬರೆದಿದ್ದರೆ ಕಿನಾಲಿ ಕೊಟ್ಟಿಗೆಯಲ್ಲಿರುತ್ತಿದ್ದಳು. ಆದರೆ ನಜೀಫೆ ಈ ಮನೆಯಲ್ಲಿ ಇರುತ್ತಿರಲಿಲ್ಲ. ಇದನ್ನು ಯಾವ ಕಡೆ ಬರೆಯಬೇಕೋ ನನಗೆ ತಿಳಿಯದು, ಲೆಕ್ಕದವನು ನೀನು.

ಹಲಾಲ್ ಕೇಳಿದ್ದೀ. ಆ ನೀರು ನನ್ನದಲ್ಲ. ಕಟ್ಟಿಸಿದ ದಿನವೇ ದಾರಿಹೋಕರಿಗೆ ಕೊಟ್ಟಾಯಿತು, ಹಕ್ಕು ಅವರದು. ಅಕ್ಟೋಬರ್ ಐದರ ಶುಕ್ರವಾರ ಅವ್ವ ಚಳಿಗಾಲಕ್ಕೆ ಕೆಳಗಿಳಿಯುತ್ತಾಳೆ. ಆ ದಿನ ಬೆಳಗಿನಿಂದ ಚಿಲುಮೆಯ ಹತ್ತಿರ ನಿಲ್ಲು. ಬಂದವರಿಗೆಲ್ಲ ನಿನ್ನ ಕೈಯಾರೆ ನೀರು ಕೊಡು, ಒಬ್ಬೊಬ್ಬರ ಹತ್ತಿರವೂ ಕೇಳು. ಯಾರು ಬಿಟ್ಟರು, ಯಾರು ಬಿಡಲಿಲ್ಲ ನನಗೆ ಬರೆ. ಅಪ್ಪನ ತಗಡಿನ ಲೋಟ ಕಾದಿರ್ ಕೈಯಲ್ಲಿ ಕಳಿಸಿದ್ದೇನೆ.

ಕಲ್ಲಿನ ಮೇಲೆ ನನ್ನ ಹೆಸರಿರಲಿ. ಕೆಳಗೆ ನಜೀಫೆಯ ಅಮ್ಮನ ಹೆಸರು ಸೇರಿಸು, ಹಾಜೆರ್ ಎಂದು.

ಜೆಮಿಲೆ

~

ಕಾಲ್ಕಾನ್, 7 ಅಕ್ಟೋಬರ್

ಅಕ್ಕಾ,

ನಿಂತೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಮೊದಲು ಬಂದವರು ಬೆನ್ನಿಗೆ ಗುಡಾರ ಕಟ್ಟಿಕೊಂಡ ಒಂದು ಗಂಡ, ಒಂದು ಹೆಂಡತಿ, ಯಾವ ದೇಶವೋ. ಪೆಲಿನ್ ಒಂದು ವಾಕ್ಯ ಬಾಯಿಪಾಠ ಮಾಡಿಸಿದ್ದಳು: ನಾನು ನಿಮ್ಮ ನೀರು ತೆಗೆದುಕೊಂಡಿದ್ದೆ, ಕ್ಷಮಿಸಿ. ಲೋಟ ಚಾಚಿ ಅದನ್ನು ಹೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಕುಡಿದರು. ನಕ್ಕು, ಲೋಟ ಹಿಂದಕ್ಕೆ ಕೊಡುವಾಗ ಅದರೊಳಗೆ ಒಂದು ಯೂರೋ ಹಾಕಿದರು. ಹಿಂದಕ್ಕೆ ಕೊಡಲು ಅರ್ಧ ದಾರಿ ಓಡಿದೆ. ಅವರು ಇನ್ನೂ ದುಡ್ಡು ಕೇಳುತ್ತಿದ್ದಾನೆ ಎಂದುಕೊಂಡು ಬೇಗ ಬೇಗ ಹೆಜ್ಜೆ ಹಾಕಿದರು. ವಿಲ್ಲಾದ ಮಾಲೀಕ, ಅಪ್ಪನ ಲೋಟದಲ್ಲಿ ಭಿಕ್ಷೆ.

ಆಮೇಲೆ ಇಸ್ಮೆತ್, ಮೇಕೆಗಳ ಜೊತೆ. ಎಲ್ಲ ಹೇಳಿದೆ. ಅವನು ಮೇಕೆಗಳನ್ನು ಬಾನಿಗೆ ಬಿಟ್ಟು ಕಲ್ಲಿನ ಮೇಲೆ ಕೂತ.

"ನಾನು ಬೇಸಿಗೆಯೆಲ್ಲ ಅವನ್ನ ಕೆಳಗಿನ ಹಳ್ಳಕ್ಕೆ ಹೊಡ್ಕೊಂಡು ಹೋಗಿದೀನಿ. ಎರಡು ಮರಿ ದಾರೀಲೇ ಬಿದ್ದು ಸತ್ವು. ನಿನ್ನ ಕೊಳ ಮೇಲಿಂದ ಕಾಣ್ತಿತ್ತು, ಗೊತ್ತಾ?"

"ಬೆಲೆ ಕೊಡ್ತೀನಿ ಇಸ್ಮೆತ್ ಅಣ್ಣ."

"ನಿನ್ನನ್ನ ಬೆಲೆ ಕೇಳಿದ್ನಾ? ನೀನು ಹಲಾಲ್ ಕೇಳ್ದೆ. ಮೇಕೆಗಳನ್ನ ಕೇಳು, ನೀರು ಅವುಗಳದ್ದು." ಎದ್ದು ಹೊರಟ. ತಿರುವಿನಲ್ಲಿ ನಿಂತು ಕೂಗಿದ: "ಮುಂದಿನ ಬೇಸಿಗೇಲಿ ಕೇಳು, ನೋಡೋಣ."

ಹಲೀಲ್ ತಾನಾಗಿ ಬಂದ. ಎರಡು ಲೋಟ ಕುಡಿದ. "ಅಗೆದವ್ನು ನಾನು. ನಾನು ನಿಮಗೆ ಬಿಟ್ಟೆ, ನೀವು ನನಗೆ ಬಿಡಿ ಯಜಮಾನ್ರೇ" ಎಂದ. ಬಿಟ್ಟೆ. ಅಷ್ಟು ಸುಲಭದ ವ್ಯವಹಾರ ಆ ದಿನ ಅದೊಂದೇ.

ಬಿಸಿಲು ಇಳಿದ ಮೇಲೆ ಕಾದಿರ್‌ನ ಬಸ್ಸು ಬಂತು. ಅವನಿಗೆ ಎಲ್ಲ ಗೊತ್ತಿತ್ತು, ಆದ್ದರಿಂದ ಬಸ್ಸಿನಲ್ಲಿದ್ದವರಿಗೂ ಗೊತ್ತಿತ್ತು. ಯಾರೂ ಕಿಟಕಿ ಬಿಟ್ಟು ಕದಲಲಿಲ್ಲ. ಅವ್ವ ಒಬ್ಬಳೇ ಇಳಿದಳು. ಮುಖ ತೊಳೆದಳು, ತೋಳು ತೊಳೆದಳು. ನಾನು ಲೋಟ ತುಂಬಿ ಎರಡೂ ಕೈಯಲ್ಲಿ ಹಿಡಿದೆ. ನಿಧಾನವಾಗಿ ಪೂರ್ತಿ ಕುಡಿದಳು.

"ಅವ್ವಾ, ಹಲಾಲ್ ಅನ್ನು" ಎಂದೆ.

ತಲೆವಸ್ತ್ರದ ತುದಿಯಿಂದ ಬಾಯಿ ಒರೆಸಿಕೊಂಡಳು. "ನಂದೇನಿದೆಯಪ್ಪಾ. ನಿಮ್ಮಪ್ಪನ್ನ ಕೇಳಿ ಹೇಳ್ತೀನಿ" ಎಂದು ಬಸ್ಸು ಹತ್ತಿದಳು.

ಎರಡು ಬೆಳಗಾಯಿತು. ಚಹಾದ ಲೋಟ ಮುಂದಿಟ್ಟು ಮುಖ ನೋಡುತ್ತೇನೆ. ಬ್ರೆಡ್ಡು ಮುರಿದು ಕೊಡುತ್ತಾಳೆ, ಕನಸಿನ ಮಾತು ಎತ್ತುವುದಿಲ್ಲ.

ಕೊಳ ಖಾಲಿ ಮಾಡಿಸಿದೆ. ಮುಂದಿನ ವರ್ಷ ಟ್ಯಾಂಕರು. ಸಾಲಿಹ್ ಮೇಸ್ತ್ರಿ ಹಾಜೆರ್ ಹೆಸರು ಕೆತ್ತಿದ. "ಜಾಗ ಇನ್ನೂ ಇದೆ, ನಿಮ್ಮದೂ ಹಾಕ್ಲಾ?" ಎಂದು ಕೇಳಿದ. ಬೇಡವೆಂದೆ.

ಯಾರಿಗೆ ಏನು ಸಿಕ್ಕಿತು ಎಂದು ಕೊನೆಗೆ ಬರೆದುಬಿಡುತ್ತೇನೆ. ಯಾವುದು ಯಾವ ಕಡೆ ಎಂದು ನನಗೂ ತಿಳಿಯಲಿಲ್ಲ, ಆದ್ದರಿಂದ ಎಲ್ಲ ಒಂದೇ ಕಡೆ.

ನಜೀಫೆಗೆ ಬಳೆ. ನಿನಗೆ ನಜೀಫೆ. ಕಿನಾಲಿಗೆ ಹೊಸ ಕೊಟ್ಟಿಗೆ, ಅಲ್ಲಿ ಹುಲ್ಲು ಚೆನ್ನಾಗಿದೆ, ನೋಡಿ ಬಂದಿದ್ದೇನೆ. ಬಾಡಿಗೆಯವರಿಗೆ ದುಡ್ಡು ವಾಪಸು. ಇಸ್ಮೆತ್‌ನ ಮೇಕೆಗಳಿಗೆ ಹತ್ತಿರದ ನೀರು, ಎರಡಕ್ಕೆ ಇಲ್ಲ. ಹಾಜೆರ್ ಅತ್ತೆಗೆ ಕಲ್ಲಿನ ಮೇಲೆ ಒಂದು ಸಾಲು. ಅಪ್ಪನಿಗೆ ಹೆಬ್ಬೆರಳು ಗಾತ್ರದ ಧಾರೆ, ಹಗಲೂ ರಾತ್ರಿ.

ನನಗೆ ಒಂದು ಯೂರೋ. ಅವ್ವನ ಉತ್ತರ ಬಾಕಿ.

ಯಾಕುಪ್